ಸೀನಿಯರ್ ಹಾಕಿಯ ಮೊದಲ ವರ್ಷ: ತಡವರಿಸುವ ಹೊಸಬರು ತಂಡದ ಆಧಾರವಾಗುವ ಬಗೆ

ಜೂನಿಯರ್ ತಂಡದಲ್ಲಿ ಎದುರಾಳಿಗಳನ್ನು ಸಾಲಾಗಿ ದಾಟಿ ಗೋಲು ಹೊಡೆಯುತ್ತಿದ್ದ ಆಟಗಾರ ಸೀನಿಯರ್ ತಂಡ ಸೇರಿದ ಕೆಲವೇ ವಾರಗಳಲ್ಲಿ, ಚೆಂಡು ತನ್ನತ್ತ ಬಾರದಿದ್ದರೆ ಸಾಕು ಎಂದು ಬಯಸುವ ಸ್ಥಿತಿಗೆ ಬರುವುದನ್ನು ಹಾಕಿಯ ಒಡನಾಟವಿರುವ ಎಲ್ಲರೂ ಕಂಡಿರುತ್ತಾರೆ. ಕೈಚಳಕ ಒಂದೆರಡು ತಿಂಗಳಲ್ಲಿ ಕರಗಿಹೋಗುವಂಥದ್ದಲ್ಲ. ಕಡಿಮೆಯಾಗಿರುವುದು ಚೆಂಡಿನೊಂದಿಗೆ ಸಿಗುವ ಕಾಲಾವಕಾಶ. ಜೂನಿಯರ್ ಪಂದ್ಯದಲ್ಲಿ ಚೆಂಡನ್ನು ನಿಲ್ಲಿಸಿ, ತಲೆಯೆತ್ತಿ ನೋಡಿ, ಯಾರಿಗೆ ಕೊಡಬೇಕೆಂದು ಯೋಚಿಸಿ, ಆಮೇಲೆ ಆಡುವಷ್ಟು ಹೊತ್ತು ಇರುತ್ತದೆ; ಸೀನಿಯರ್ ಪಂದ್ಯದಲ್ಲಿ ತಲೆಯೆತ್ತುವಷ್ಟರಲ್ಲಿ ಎದುರಾಳಿಯ ಸ್ಟಿಕ್ ಚೆಂಡಿಗೆ ತಾಗಿರುತ್ತದೆ. ಟರ್ಫ್ ಮೇಲಿನ ಹಾಕಿಯಲ್ಲಿ ಹೊಸಬರು ಬೆಳೆಯುವ ದಾರಿಯೆಂದರೆ ಬಹುಮಟ್ಟಿಗೆ ಈ ಕಳೆದುಹೋದ ಕಾಲವನ್ನು ಮತ್ತೆ ಗಳಿಸಿಕೊಳ್ಳುವ ದಾರಿ ಎಂಬುದು ನನ್ನ ಅಭಿಪ್ರಾಯ, ಮತ್ತು ಮುಂದೆ ಹೇಳುವ ಕ್ರಮಗಳೆಲ್ಲವೂ ಅದನ್ನೇ ಉದ್ದೇಶವಾಗಿ ಇಟ್ಟುಕೊಂಡಿವೆ.

ಚೆಂಡು ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಬರೆದಿಡುವುದು

ಸೋತ ಪಂದ್ಯದ ನಂತರ ಹೊಸ ಆಟಗಾರರನ್ನು ಕೇಳಿದರೆ ‘ಇವತ್ತು ಏನೂ ಆಗಲಿಲ್ಲ’ ಎನ್ನುತ್ತಾರೆ. ಈ ಮಾತಿನಿಂದ ಯಾವ ಅಭ್ಯಾಸವೂ ಹುಟ್ಟುವುದಿಲ್ಲ. ಅದರ ಬದಲು ಮೊದಲ ಹತ್ತು ಪಂದ್ಯಗಳವರೆಗೆ, ನಿಮ್ಮಿಂದ ಚೆಂಡು ಹೋದ ಪ್ರತಿಯೊಂದು ಸಂದರ್ಭವನ್ನೂ ಒಂದು ಪುಸ್ತಕದಲ್ಲಿ ಒಂದೊಂದು ಸಾಲಿನಲ್ಲಿ ಬರೆಯಿರಿ: ಅಂಗಳದ ಯಾವ ಭಾಗ, ಚೆಂಡು ಯಾವ ದಿಕ್ಕಿನಿಂದ ಬಂದಿತ್ತು, ಎಷ್ಟು ಸ್ಪರ್ಶಗಳ ನಂತರ ಹೋಯಿತು, ಕೊನೆಯದಾಗಿ ಮಾಡಲು ಹೊರಟದ್ದು ಏನು. ಪಂದ್ಯದ ಚಿತ್ರೀಕರಣ ಸಿಕ್ಕರೆ ಒಳ್ಳೆಯದು; ಸಿಗದಿದ್ದರೆ ಬೆಂಚಿನಲ್ಲಿರುವ ಗೆಳೆಯರೊಬ್ಬರಿಗೆ ಗುರುತು ಹಾಕಲು ಹೇಳಬಹುದು. ನೆನಪನ್ನು ಮಾತ್ರ ನಂಬಬೇಡಿ, ಏಕೆಂದರೆ ನೆನಪಿನಲ್ಲಿ ಉಳಿಯುವುದು ಸರ್ಕಲ್ಲಿನೊಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ, ತಪ್ಪಿದ ಒಂದು ಅವಕಾಶ. ಮಧ್ಯಗೆರೆಯ ಹತ್ತಿರ ಆರು ಸಲ ಚೆಂಡು ಸ್ಟಿಕ್ಕಿನಿಂದ ಪುಟಿದು ಹೋದದ್ದು ಮರೆತೇಹೋಗಿರುತ್ತದೆ.

ಹೀಗೆ ಬರೆದಿಟ್ಟವರ ಪುಸ್ತಕಗಳನ್ನು ನೋಡಿದಾಗ ನನಗೆ ಮತ್ತೆ ಮತ್ತೆ ಕಂಡದ್ದು ಒಂದೇ ಚಿತ್ರ. ಡ್ರಿಬ್ಲಿಂಗ್ ಮಾಡುವಾಗ ಹೋದ ಚೆಂಡುಗಳಿಗಿಂತ ಮೊದಲ ಸ್ಪರ್ಶದಲ್ಲೇ, ಅಂದರೆ ಪಾಸ್ ಹಿಡಿಯುವಾಗಲೇ, ಹೋದ ಚೆಂಡುಗಳು ಹೆಚ್ಚು. ಡಾಡ್ಜ್ (ಎದುರಾಳಿಯನ್ನು ವಂಚಿಸಿ ದಾಟುವ ಚಲನೆ) ವಿಫಲವಾಯಿತು ಎಂದು ಆಟಗಾರರು ದೂರುವ ಕಡೆಯಲ್ಲೂ ಗಮನವಿಟ್ಟು ನೋಡಿದರೆ, ಟ್ರ್ಯಾಪ್ ಮಾಡಿದ, ಅಂದರೆ ಸ್ಟಿಕ್ಕಿನಿಂದ ಹಿಡಿದ, ಚೆಂಡು ಒಂದು ಅಡಿ ಹೆಚ್ಚು ಮುಂದೆ ಉರುಳಿ, ಅದನ್ನು ಮರಳಿ ಹಿಡಿತಕ್ಕೆ ತೆಗೆದುಕೊಳ್ಳುವ ಅರೆಕ್ಷಣದಲ್ಲಿ ಎದುರಾಳಿ ಬಂದು ನಿಂತಿರುತ್ತಾನೆ. ಹಾಗಿರುವಾಗ ಹೊಸ ಹೊಸ ಡಾಡ್ಜ್‌ಗಳನ್ನು ಕಲಿಯುತ್ತ ಕೂರುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ.

ಮೊದಲ ಸ್ಪರ್ಶ, ಮತ್ತು ಅದಕ್ಕೂ ಮೊದಲಿನ ನೋಟ

ಅಭ್ಯಾಸದ ಸಮಯದಲ್ಲಿ ಅತಿ ದೊಡ್ಡ ಪಾಲು ಸಲ್ಲಬೇಕಾದದ್ದು ಈ ಒಂದು ವಿಷಯಕ್ಕೆ. ಹಾಕಿಯಲ್ಲಿ ಸ್ಟಿಕ್ಕಿನ ಚಪ್ಪಟೆ ಮುಖವನ್ನು ಮಾತ್ರ ಬಳಸಬಹುದು ಮತ್ತು ಚೆಂಡು ಪಾದಕ್ಕೆ ತಾಗಿ ಲಾಭವಾದರೆ ಫೌಲ್ ಆಗುತ್ತದೆ. ಹೀಗಾಗಿ ಚೆಂಡನ್ನು ಹಿಡಿಯುವ ಕೋನ ಸ್ವಲ್ಪ ತಪ್ಪಿದರೂ ಅದನ್ನು ದೇಹದಿಂದ ಸರಿಪಡಿಸಿಕೊಳ್ಳುವ ಅವಕಾಶ ಈ ಆಟದಲ್ಲಿಲ್ಲ. ಮಂಡಿ ಮಡಿಸಿ ಕೆಳಗೆ ಇಳಿಯುವುದು, ಸ್ಟಿಕ್ಕಿನ ಹಿಡಿಯನ್ನು ಅದರ ತಲೆಗಿಂತ ತುಸು ಮುಂದಕ್ಕೆ ಬಾಗಿಸುವುದು, ಎಡಗೈಯಿಂದ ಮೇಲ್ತುದಿಯನ್ನು ಬಿಗಿಯಾಗಿ ಹಿಡಿದು ಬಲಗೈಯನ್ನು ಸಡಿಲ ಬಿಡುವುದು, ಇವು ಶಾಲೆಯ ದಿನಗಳಲ್ಲೇ ಕಲಿತ ಪಾಠಗಳು. ಆದರೆ ಸೀನಿಯರ್ ಪಂದ್ಯದ ಬಿರುಸಿನ ಪಾಸ್ ಎದುರು ಮೊದಲು ಕೆಡುವುದೂ ಇವೇ. ಬಲಗೈ ಬಿಗಿಯಾದ ಕೂಡಲೇ ಸ್ಟಿಕ್ ಗೋಡೆಯಾಗುತ್ತದೆ, ಚೆಂಡು ಗೋಡೆಗೆ ಬಡಿದಂತೆ ಹಿಂದಕ್ಕೆ ಹಾರುತ್ತದೆ. ಹಿಡಿ ಹಿಂದಕ್ಕೆ ವಾಲಿದರೆ ಚೆಂಡು ಮೇಲಕ್ಕೆ ಚಿಮ್ಮುತ್ತದೆ, ಹತ್ತಿರದಲ್ಲಿ ಎದುರಾಳಿಯಿದ್ದರೆ ಅಪಾಯಕಾರಿ ಆಟವೆಂದು ಅಂಪೈರ್ ಸೀಟಿ ಊದಬಹುದು.

ಟ್ರ್ಯಾಪ್ ಎಂದರೆ ಚೆಂಡನ್ನು ನಿಲ್ಲಿಸುವುದು ಎಂಬ ಕಲ್ಪನೆಯನ್ನು ಈ ಹಂತದಲ್ಲಿ ಬಿಡಬೇಕಾಗುತ್ತದೆ. ನಿಂತ ಚೆಂಡು ಎದುರಾಳಿಗೂ ಅಷ್ಟೇ ಸುಲಭ. ಮೊದಲ ಸ್ಪರ್ಶದಲ್ಲೇ ಚೆಂಡು ಎದುರಾಳಿಯಿಂದ ದೂರವಾಗುವ ದಿಕ್ಕಿಗೆ, ನಿಮ್ಮ ಮುಂದಿನ ಹೆಜ್ಜೆ ಬೀಳುವ ಜಾಗಕ್ಕೆ ಸರಿಯಬೇಕು. ಹಾಗೆ ಸರಿಯಬೇಕಾದರೆ ಆ ದಿಕ್ಕು ಯಾವುದೆಂದು ಚೆಂಡು ಬರುವ ಮೊದಲೇ ತಿಳಿದಿರಬೇಕು. ಅನುಭವಿಗಳಿಗೂ ಹೊಸಬರಿಗೂ ಇರುವ ನಿಜವಾದ ಅಂತರ ಇಲ್ಲಿದೆ: ಅನುಭವಿಗಳು ಚೆಂಡಿಗಿಂತ ಮೊದಲು ಅಂಗಳವನ್ನು ನೋಡಿರುತ್ತಾರೆ, ಹೊಸಬರು ಚೆಂಡನ್ನೇ ನೋಡುತ್ತಿರುತ್ತಾರೆ.

ಈ ನೋಟವನ್ನು ಅಭ್ಯಾಸದಿಂದ ತರಬಹುದು. ಪಾಸ್ ಕೊಡುವ ಸಹ ಆಟಗಾರನಿಗೆ ಚೆಂಡು ತಲುಪುತ್ತಿರುವಾಗ ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡಿ. ಆತ ಸ್ಟಿಕ್ ಎತ್ತುವ ಮುನ್ನ ಇನ್ನೊಮ್ಮೆ ನೋಡಿ. ಚೆಂಡು ನಿಮ್ಮತ್ತ ಉರುಳುತ್ತಿರುವಾಗ, ಅದರ ದಾರಿ ಖಚಿತವಾದ ಕೂಡಲೇ, ಒಂದು ಕ್ಷಣ ಕಣ್ಣೆತ್ತಿ ಮತ್ತೆ ಚೆಂಡಿಗೆ ಮರಳಿ. ಮೊದಮೊದಲು ಈ ಮೂರನೆಯ ನೋಟದಿಂದ ಟ್ರ್ಯಾಪ್‌ಗಳು ತಪ್ಪುತ್ತವೆ, ತಪ್ಪಲಿ. ಅಭ್ಯಾಸಕ್ಕೆ ಮೂವರು ಸಾಕು: ಒಬ್ಬರು ಪಾಸ್ ಕೊಡುತ್ತಾರೆ, ನೀವು ಹಿಡಿಯುತ್ತೀರಿ, ಮೂರನೆಯವರು ನಿಮ್ಮ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಚೆಂಡು ಉರುಳತೊಡಗಿದ ಮೇಲೆ ಬೆರಳುಗಳನ್ನು ಎತ್ತಿ ತೋರಿಸುತ್ತಾರೆ. ಚೆಂಡು ಸ್ಟಿಕ್ಕಿಗೆ ತಾಗುವ ಮೊದಲು ನೀವು ಆ ಬೆರಳುಗಳ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು. ಅದು ಸಾಧ್ಯವಾದ ಮೇಲೆ ಮೂರನೆಯವರು ಎಡಕ್ಕೋ ಬಲಕ್ಕೋ ಓಡಿ ಬರಲಿ, ನಿಮ್ಮ ಮೊದಲ ಸ್ಪರ್ಶ ಅವರ ವಿರುದ್ಧ ದಿಕ್ಕಿಗೆ ಹೋಗಲಿ.

ಇದರ ಜೊತೆಗೆ ಸಣ್ಣ ಚೌಕದ ಆಟವನ್ನು ಸೇರಿಸಿ. ಎಂಟು ಮೀಟರ್ ಅಗಲದ ಚೌಕದ ಅಂಚುಗಳಲ್ಲಿ ನಾಲ್ವರು ಚೆಂಡನ್ನು ಕೈಬದಲಾಯಿಸುತ್ತ ಹೋಗುವಾಗ ನಡುವಿನ ಒಬ್ಬರು ಕಸಿಯಲು ಯತ್ನಿಸುತ್ತಾರೆ. ಎರಡು ಸ್ಪರ್ಶಕ್ಕಿಂತ ಹೆಚ್ಚು ಬಳಸುವಂತಿಲ್ಲ. ಕೆಲವು ವಾರಗಳ ನಂತರ ಚೌಕವನ್ನು ಆರು ಮೀಟರಿಗೆ ಇಳಿಸಿ, ಆಮೇಲೆ ನಡುವೆ ಇಬ್ಬರನ್ನು ನಿಲ್ಲಿಸಿ. ಪಂದ್ಯಕ್ಕಿಂತ ಕಡಿಮೆ ಕಾಲಾವಕಾಶದಲ್ಲಿ ಅಭ್ಯಾಸ ಮಾಡಿದವರಿಗೆ ಪಂದ್ಯ ನಿಧಾನವಾಗಿ ಕಾಣತೊಡಗುತ್ತದೆ. ಅಂಗಳದ ಉದ್ದ 91.4 ಮೀಟರ್, ಅಗಲ 55 ಮೀಟರ್. ಜಾಗಕ್ಕೆ ಅಲ್ಲಿ ಕೊರತೆಯಿಲ್ಲ, ಅದನ್ನು ಕಾಣುವ ಕಣ್ಣು ಮೊದಲು ಈ ಎಂಟು ಮೀಟರಿನೊಳಗೆ ತಯಾರಾಗಬೇಕು ಅಷ್ಟೆ.

ಇನ್ನೊಂದು ಅಂಶವನ್ನು ಹಲವು ತರಬೇತುದಾರರು ಹೇಳದೆ ಬಿಡುತ್ತಾರೆ. ಪಾಸ್ ಬೇಕಾದಾಗ ನಿಂತಲ್ಲೇ ಸ್ಟಿಕ್ ಚಾಚಿ ಕೂಗುವುದು ಎದುರಾಳಿಗೆ ಸುಳಿವು ಕೊಟ್ಟಂತೆ. ಎರಡು ಹೆಜ್ಜೆ ಚೆಂಡಿನಿಂದ ದೂರ ಸರಿದು, ನಿಮ್ಮನ್ನು ಕಾವಲು ಕಾಯುತ್ತಿರುವ ಎದುರಾಳಿ ಹಿಂದೆ ಬರತೊಡಗಿದ ಕೂಡಲೇ ಥಟ್ಟನೆ ತಿರುಗಿ ಚೆಂಡಿನತ್ತ ಬನ್ನಿ. ಆ ತಿರುವಿನಲ್ಲಿ ಸಿಗುವ ಒಂದೂವರೆ ಮೀಟರ್ ಅಂತರವೇ ಚೆಂಡು ಹಿಡಿದು ತಿರುಗಲು ಬೇಕಾದ ಕಾಲಾವಕಾಶ. ಹಿಡಿಯುವಾಗ ಸೊಂಟವನ್ನು ಅರ್ಧ ತೆರೆದಿಟ್ಟುಕೊಂಡರೆ ಬಂದ ದಿಕ್ಕೂ ಹೋಗಬೇಕಾದ ದಿಕ್ಕೂ ಎರಡೂ ಕಣ್ಣಿನ ಅಳತೆಯೊಳಗಿರುತ್ತವೆ. ನಿಂತು ಚೆಂಡು ಹಿಡಿಯುವ ಆಟಗಾರ ಯಾವ ದಿಕ್ಕಿಗೆ ಬೇಕಾದರೂ ಮುಖ ಮಾಡಿರಬಹುದೆಂದು ನಿಯಮವೇ ಹೇಳುತ್ತದೆ. ಆದರೆ ಹಿಡಿದ ಮೇಲೆ ದೇಹವನ್ನು ಅಡ್ಡವಿಟ್ಟು ಎದುರಾಳಿಯ ಟ್ಯಾಕಲ್ ತಡೆದರೆ ಅದು ಅಬ್‌ಸ್ಟ್ರಕ್ಷನ್. ಫುಟ್‌ಬಾಲ್ ನೋಡಿ ಬೆಳೆದವರು ಈ ತಪ್ಪನ್ನು ಹೆಚ್ಚು ಮಾಡುತ್ತಾರೆ.

ಆಟವನ್ನು ಕೆಲಕಾಲ ಕಿರಿದಾಗಿಸುವುದು

ಮೊದಲ ಸ್ಪರ್ಶ ಸುಧಾರಿಸುವವರೆಗೆ, ಅಂದರೆ ಸುಮಾರು ಅರ್ಧ ಋತುವಿನ ಮಟ್ಟಿಗೆ, ಪಂದ್ಯದಲ್ಲಿ ಮಾಡುವ ಕೆಲಸಗಳ ಪಟ್ಟಿಯನ್ನು ಬೇಕೆಂದೇ ಚಿಕ್ಕದು ಮಾಡಿಕೊಳ್ಳಿ. ನಿಮ್ಮದೇ ಅರ್ಧದಲ್ಲಿ ಚೆಂಡು ಸಿಕ್ಕರೆ ಎರಡು ಸ್ಪರ್ಶ, ಹತ್ತಿರದವರಿಗೆ ನೇರ ಪುಷ್ (ಸ್ಟಿಕ್ ಬೀಸದೆ ತಳ್ಳುವ ಪಾಸ್). ಮಧ್ಯಭಾಗದಲ್ಲಿ ಸಿಕ್ಕರೆ ಮುಂದೆ ದಾರಿ ಕಂಡಾಗ ಮಾತ್ರ ಮುಂದಕ್ಕೆ, ಇಲ್ಲವಾದರೆ ಪಾಸ್ ಕೊಟ್ಟವರಿಗೇ ಹಿಂದಕ್ಕೆ. ಎದುರಾಳಿಯ 23 ಮೀಟರ್ ಗೆರೆ ದಾಟಿದ ಮೇಲೆ ನಿಮ್ಮ ಹಳೆಯ ಡ್ರಿಬ್ಲಿಂಗ್‌ಗೆ ಸ್ವಾತಂತ್ರ್ಯ. ಅಲ್ಲಿ ಚೆಂಡು ಕಳೆದರೂ ನಷ್ಟ ಕಡಿಮೆ, ಅಲ್ಲಿ ಎದುರಾಳಿಯ ಪಾದಕ್ಕೆ ಚೆಂಡು ತಾಗಿದರೂ ಲಾಭ ನಿಮ್ಮದು, ಸರ್ಕಲ್ಲಿನೊಳಗೆ ತಾಗಿದರಂತೂ ಪೆನಾಲ್ಟಿ ಕಾರ್ನರ್, ಅಂದರೆ ಅಂತಿಮ ಗೆರೆಯಿಂದ ತಳ್ಳಿಕೊಟ್ಟ ಚೆಂಡನ್ನು ಗೋಲಿಗೆ ಹೊಡೆಯುವ ಅವಕಾಶ. ಗೋಲು ಎಣಿಕೆಯಾಗುವುದು 14.63 ಮೀಟರ್ ತ್ರಿಜ್ಯದ ಆ ಸರ್ಕಲ್ಲಿನೊಳಗೆ ದಾಳಿಯ ತಂಡದವರು ಚೆಂಡನ್ನು ತಾಗಿಸಿದರೆ ಮಾತ್ರ. ಆದುದರಿಂದ ಸಾಹಸವನ್ನು ಆ ಜಾಗಕ್ಕೆ ಕೂಡಿಟ್ಟುಕೊಳ್ಳುವುದರಲ್ಲಿ ಲೆಕ್ಕಾಚಾರವಿದೆ, ಅಂಜಿಕೆಯಿಲ್ಲ.

ಹೀಗೆ ಆಡುವಾಗ ಗ್ಯಾಲರಿಯಲ್ಲಿ ಕುಳಿತವರಿಗೆ, ಮನೆಯವರಿಗೂ ಕೂಡ, ಮೊದಲಿನ ಮಿಂಚು ಎಲ್ಲಿ ಹೋಯಿತು ಎನ್ನಿಸಬಹುದು. ತಂಡದ ಫುಲ್ ಬ್ಯಾಕ್‌ಗಳಿಗೆ, ಅಂದರೆ ಹಿಂದಿನ ರಕ್ಷಣಾ ಆಟಗಾರರಿಗೆ, ಅನ್ನಿಸುವುದೇ ಬೇರೆ. ಒತ್ತಡದಲ್ಲಿ ನಿಮಗೆ ಚೆಂಡು ಕೊಟ್ಟರೆ ಅದು ಎದುರಾಳಿಯ ಪಾಲಾಗುವುದಿಲ್ಲ ಎಂಬುದು ಅವರಿಗೆ ಒಮ್ಮೆ ಖಾತ್ರಿಯಾದರೆ, ನಿಮಗೆ ಬರುವ ಪಾಸ್‌ಗಳ ಸಂಖ್ಯೆ ತಾನಾಗಿ ಏರುತ್ತದೆ.

ಚೆಂಡು ನಿಮ್ಮ ಬಳಿ ಇಲ್ಲದ ಹೊತ್ತು

ಪಂದ್ಯವೊಂದು 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳದ್ದು. ಆ ಅರವತ್ತು ನಿಮಿಷಗಳಲ್ಲಿ ಯಾವ ಆಟಗಾರನ ಸ್ಟಿಕ್ಕಿನಲ್ಲೂ ಚೆಂಡು ಕೆಲವೇ ನಿಮಿಷಗಳಿಗಿಂತ ಹೆಚ್ಚು ಇರುವುದಿಲ್ಲ. ಉಳಿದ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂಬುದನ್ನು ನೋಡಿಯೇ ತರಬೇತುದಾರರು ಹೊಸಬರನ್ನು ಉಳಿಸಿಕೊಳ್ಳುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಡ್ರಿಬ್ಲಿಂಗ್ ಕೈಕೊಟ್ಟ ದಿನವೂ ಇದು ಕೈಕೊಡುವುದಿಲ್ಲವಾದ್ದರಿಂದ, ತಡವರಿಸುತ್ತಿರುವವರು ನೆಲೆಯೂರಲು ಇದಕ್ಕಿಂತ ಗಟ್ಟಿ ನೆಲ ಇನ್ನೊಂದಿಲ್ಲ.

ಟ್ಯಾಕಲ್ ಮಾಡುವಾಗ ಹೊಸಬರ ದೊಡ್ಡ ದೋಷವೆಂದರೆ ಆತುರ. ಎದುರಾಳಿ ಹತ್ತಿರ ಬಂದ ಕೂಡಲೇ ಸ್ಟಿಕ್ ಎಸೆದು, ತೂಕವನ್ನೆಲ್ಲ ಮುಂದಿನ ಕಾಲಿಗೆ ಹಾಕಿದರೆ, ಆತ ಪಕ್ಕಕ್ಕೆ ಒಂದು ಹೆಜ್ಜೆ ಸರಿದು ನಿಮ್ಮನ್ನು ಆಟದಿಂದಲೇ ಹೊರಗಿಟ್ಟುಬಿಡುತ್ತಾನೆ. ಪಾದಗಳನ್ನು ಚಿಕ್ಕ ಹೆಜ್ಜೆಗಳಲ್ಲಿ ಆಡಿಸುತ್ತ, ಅವನ ವೇಗಕ್ಕೆ ತಕ್ಕಂತೆ ಹಿಂದೆ ಸರಿಯುತ್ತ, ಅಂಗಳದ ನಡುವಿನಿಂದ ಅಂಚುಗೆರೆಯತ್ತ ಅವನನ್ನು ಒತ್ತುತ್ತ ಹೋಗಿ. ನಡುನಡುವೆ ಎಡಗೈಯಿಂದ ಜ್ಯಾಬ್ ಮಾಡುವಂತೆ, ಅಂದರೆ ಸ್ಟಿಕ್ಕನ್ನು ಚೆಂಡಿನತ್ತ ಚುಚ್ಚುವಂತೆ, ಹುಸಿ ಮಾಡಿ. ಚೆಂಡು ಅವನ ಸ್ಟಿಕ್ಕಿನಿಂದ ಒಂದು ಗೇಣು ಬೇರ್ಪಟ್ಟ ಗಳಿಗೆಯಲ್ಲಿ ಮಾತ್ರ ನಿಜವಾದ ಟ್ಯಾಕಲ್ ಮಾಡಿ. ನಿಮ್ಮದೇ ಸರ್ಕಲ್ಲಿನೊಳಗೆ ಇದ್ದಾಗಲಂತೂ ಸ್ಟಿಕ್ ನೆಲ ಬಿಡಬಾರದು, ಪಾದಗಳು ಚೆಂಡಿನ ದಾರಿಯಲ್ಲಿರಬಾರದು, ಏಕೆಂದರೆ ಅಲ್ಲಿನ ಸಣ್ಣ ತಪ್ಪೂ ಪೆನಾಲ್ಟಿ ಕಾರ್ನರ್ ಆಗುತ್ತದೆ. ಕಾರ್ಡಿನ ಲೆಕ್ಕವೂ ನೆನಪಿರಲಿ. ಹಸಿರು ಕಾರ್ಡ್ ಎಂದರೆ 2 ನಿಮಿಷ, ಹಳದಿ ಎಂದರೆ ಕನಿಷ್ಠ 5 ನಿಮಿಷ ಹೊರಗೆ. ಆ ಹೊತ್ತಿನಲ್ಲಿ ನಿಮ್ಮ ಜಾಗಕ್ಕೆ ಬೇರೆಯವರೂ ಬರುವಂತಿಲ್ಲ. ತಂಡವನ್ನು ಹತ್ತು ಜನರಿಗೆ ಇಳಿಸಿದ ಹೊಸಬರ ಬಗ್ಗೆ ಸೀನಿಯರ್‌ಗಳು ಬಾಯಿಬಿಟ್ಟು ಏನೂ ಹೇಳದಿರಬಹುದು, ಮರೆಯುವುದಂತೂ ಇಲ್ಲ.

ಫಾರ್ವರ್ಡ್‌ಗಳಿಗೆ ಇಲ್ಲಿ ಪ್ರೆಸ್ ಎಂಬ ಇನ್ನೊಂದು ಕೆಲಸವಿದೆ. ಎದುರಾಳಿ ಫುಲ್ ಬ್ಯಾಕ್ ಚೆಂಡು ಹೊರತರುವಾಗ ಅವರ ಹಿಂದೆ ನಾಯಿ ಅಟ್ಟಿದಂತೆ ಓಡುವುದರಿಂದ ಉಪಯೋಗವಿಲ್ಲ. ಅವರು ಎಲ್ಲಿಗೆ ಪಾಸ್ ಕೊಡಬೇಕೆಂದು ನಿಮ್ಮ ತಂಡ ಬಯಸುತ್ತದೋ ಆ ದಾರಿ ಒಂದನ್ನೇ ತೆರೆದಿಟ್ಟು ಉಳಿದವನ್ನು ಸ್ಟಿಕ್ಕಿನಿಂದಲೂ ದೇಹದ ನಿಲುವಿನಿಂದಲೂ ಮುಚ್ಚಬೇಕು. ಕಸಿದವರ ಹೆಸರಿನಲ್ಲಿ ಇಂಟರ್ಸೆಪ್ಟ್ ದಾಖಲಾಗುತ್ತದೆ, ದಾರಿ ಮುಚ್ಚಿದ ನಿಮ್ಮ ಹೆಸರಿನಲ್ಲಿ ಅಲ್ಲ. ತರಬೇತುದಾರರು ವೀಡಿಯೊ ನೋಡುವಾಗ ಗಮನಿಸುವುದು ಮಾತ್ರ ನಿಮ್ಮನ್ನೇ.

ದೇಹ, ಬೆಂಚು, ಕಾಯುವಿಕೆ

ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದಾದ್ದರಿಂದ, ಹೊಸಬರಿಗೆ ಸಿಗುವುದು ಸಾಮಾನ್ಯವಾಗಿ ಐದಾರು ನಿಮಿಷಗಳ ತುಂಡು ತುಂಡು ಆಟ. ಬೇಕಾದ ದೈಹಿಕ ಸಾಮರ್ಥ್ಯದ ಬಗೆಯನ್ನೂ ಇದೇ ನಿರ್ಧರಿಸುತ್ತದೆ. ಬೆಳಗಿನ ಹೊತ್ತು ಒಂದೇ ವೇಗದಲ್ಲಿ ಐದು ಕಿಲೋಮೀಟರ್ ಓಡುವ ಹಳೆಯ ರೂಢಿಗಿಂತ, ಜೋರಾಗಿ ಓಡಿ, ಕೆಲವೇ ಸೆಕೆಂಡು ಸುಧಾರಿಸಿಕೊಂಡು, ಮತ್ತೆ ಅಷ್ಟೇ ಜೋರಾಗಿ ಓಡುವ ಶಕ್ತಿಯನ್ನು ಬೆಳೆಸಿಕೊಳ್ಳಬೇಕು. 20 ಮೀಟರ್ ಹೋಗಿ 20 ಮೀಟರ್ ಮರಳಿ, 10 ಸೆಕೆಂಡ್ ಬಿಡುವು ಪಡೆದು, ವೇಗ ಹೆಚ್ಚಿಸುತ್ತ ಮುಂದುವರಿಯುವ ಯೋ-ಯೋ ಪರೀಕ್ಷೆ ಹಾಕಿ ತಂಡಗಳಲ್ಲಿ ಜನಪ್ರಿಯವಾಗಿರುವುದು ಇದೇ ಕಾರಣಕ್ಕೆ. ಆರು ವಾರಗಳಿಗೊಮ್ಮೆ ಅದನ್ನು ಓಡಿ ಅಂಕವನ್ನು ಬರೆದಿಡಿ. ತೊಡೆಯ ಹಿಂಭಾಗ, ಸೊಂಟ ಮತ್ತು ಕೆಳಬೆನ್ನಿನ ಬಲವರ್ಧನೆಯನ್ನು ವಾರಕ್ಕೆರಡು ದಿನ ತಪ್ಪಿಸದಿರುವುದು ಒಳಿತು, ಏಕೆಂದರೆ ಈ ಆಟವನ್ನು ಬಾಗಿಕೊಂಡೇ ಆಡಬೇಕಾಗುತ್ತದೆ.

ಬೆಂಚಿನಲ್ಲಿ ಕುಳಿತಾಗ ಚೆಂಡನ್ನು ಹಿಂಬಾಲಿಸಿ ನೋಡುವುದನ್ನು ಬಿಟ್ಟು, ನೀವು ಹೋಗಿ ನಿಲ್ಲಲಿರುವ ಜಾಗದಲ್ಲಿ ಆಡುತ್ತಿರುವವರನ್ನೂ ಅವರ ಎದುರಾಳಿಯನ್ನೂ ಮಾತ್ರ ನೋಡಿ. ಆ ಎದುರಾಳಿ ರಿವರ್ಸ್ ಸ್ಟಿಕ್ ಕಡೆಗೆ, ಅಂದರೆ ಸ್ಟಿಕ್ ತಿರುಗಿಸಿ ಆಡಬೇಕಾದ ಎಡಬದಿಗೆ, ತಳ್ಳಿದಾಗ ಒದ್ದಾಡುತ್ತಾನೆಯೇ, ಪಾಸ್ ಕೊಟ್ಟ ಮೇಲೆ ನಿಂತುಬಿಡುತ್ತಾನೆಯೇ, ಯಾವ ಕಾಲಿನ ಮೇಲೆ ತಿರುಗುತ್ತಾನೆ ಎಂಬ ಎರಡು ಮೂರು ಸಂಗತಿ ಹಿಡಿದುಕೊಂಡು ಒಳಗೆ ಹೋದರೆ, ಮೊದಲ ನಿಮಿಷದಲ್ಲೇ ನೀವು ಪಂದ್ಯದ ವೇಗಕ್ಕೆ ಹೊಂದಿಕೊಂಡಿರುತ್ತೀರಿ. ಪಂದ್ಯದ ಬಳಿಕ ತರಬೇತುದಾರರ ಹತ್ತಿರ ‘ಸರ್, ನನ್ನನ್ನು ಯಾಕೆ ಹೆಚ್ಚು ಆಡಿಸಲಿಲ್ಲ’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ‘ಸರ್, ಮೂರನೇ ಕ್ವಾರ್ಟರ್‌ನಲ್ಲಿ ನಾನು ಬಲಗಡೆ ಎಲ್ಲಿ ನಿಲ್ಲಬೇಕಿತ್ತು’ ಎಂದು ಕೇಳಿದರೆ ಖಂಡಿತ ಸಿಗುತ್ತದೆ, ಅದರೊಳಗೆ ಮೊದಲ ಪ್ರಶ್ನೆಯ ಉತ್ತರವೂ ಅಡಗಿರುತ್ತದೆ.

ಕಾಯುವುದು ಎಷ್ಟು ದಿನ ಎಂಬ ಪ್ರಶ್ನೆ ಎಲ್ಲರನ್ನೂ ಕಾಡುತ್ತದೆ. ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಅವರ ದಾರಿಯನ್ನು ಇಲ್ಲಿ ನೆನೆಯಬಹುದು. ಅವರು ಕ್ರೀಡಾಶಾಲೆಗೆ ಸೇರಿದ್ದು ಓಟಗಾರರಾಗಿ. ಗೋಲ್‌ಕೀಪಿಂಗ್ ಆಯ್ದುಕೊಂಡದ್ದು ಅಲ್ಲಿನ ತರಬೇತುದಾರರ ಸಲಹೆಯಿಂದ. 2006ರಲ್ಲಿ ಭಾರತದ ಸೀನಿಯರ್ ತಂಡಕ್ಕೆ ಕಾಲಿಟ್ಟರೂ ಏಡ್ರಿಯನ್ ಡಿಸೋಜಾ, ಭರತ್ ಛೆಟ್ರಿ ಅವರಂಥ ಹಿರಿಯರಿದ್ದ ಕಾಲದಲ್ಲಿ ಖಾಯಂ ಸ್ಥಾನ ಅವರಿಗೆ ವರ್ಷಗಟ್ಟಲೆ ದಕ್ಕಲಿಲ್ಲ. 2011ರ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದ ಮೇಲೆ ಅವರ ಹೆಸರು ಎಲ್ಲೆಡೆ ಕೇಳಿಬರತೊಡಗಿತು. ಮುಂದೆ 2016ರಲ್ಲಿ ಒಲಿಂಪಿಕ್ಸ್ ತಂಡದ ನಾಯಕರಾದರು, ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಕಂಚಿನ ಪದಕ ಪಡೆದರು. ಗೋಲ್‌ಕೀಪರ್‌ಗಳ ಸ್ಥಿತಿ ಇನ್ನಷ್ಟು ಕಠಿಣ, ಏಕೆಂದರೆ ಅವರಿಗೆ ಐದು ನಿಮಿಷಗಳ ತುಂಡು ಆಟವೂ ಸಿಗುವುದಿಲ್ಲ. ಅಂಥವರು ಕ್ಲಬ್ ಮಟ್ಟದಲ್ಲಾದರೂ ಪೂರ್ಣ ಪಂದ್ಯಗಳನ್ನು ಹುಡುಕಿಕೊಂಡು ಹೋಗಿ ಆಡಬೇಕು.

ನಿಮ್ಮದೇ ಆದ ಒಂದು ಅಸ್ತ್ರ

ತಂಡದಲ್ಲಿ ನಂಬಿಕೆಯ ಆಟಗಾರರಾಗುವುದು ಒಂದು ಹಂತ. ಎದುರಾಳಿಗಳು ಪಂದ್ಯದ ಹಿಂದಿನ ರಾತ್ರಿ ನಿಮ್ಮ ಬಗ್ಗೆ ಚರ್ಚಿಸುವಂತಾಗುವುದು ಇನ್ನೊಂದು ಹಂತ, ಅದಕ್ಕೆ ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲ ಒಂದು ಕೆಲಸ ಕೈಯಲ್ಲಿರಬೇಕು. ಚೆಂಡನ್ನು ಎತ್ತಿ ದೂರಕ್ಕೆ ಎಸೆಯುವ ಸ್ಕೂಪ್ ಆಗಿರಬಹುದು, ರಿವರ್ಸ್ ಸ್ಟಿಕ್ ಹೊಡೆತವಾಗಿರಬಹುದು, ಗೋಲು ಕಂಬದ ಬಳಿ ಚೆಂಡಿನ ದಿಕ್ಕು ಬದಲಿಸುವ ಡಿಫ್ಲೆಕ್ಷನ್ ಆಗಿರಬಹುದು. ಆಯ್ಕೆಗೆ ನನ್ನ ಸಲಹೆ ಇಷ್ಟೆ: ನಿಮಗೆ ಇಷ್ಟವಾದದ್ದಕ್ಕಿಂತ ತಂಡದಲ್ಲಿ ಕೊರತೆಯಿರುವುದನ್ನು ಆರಿಸಿ. ಎಲ್ಲರೂ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಎಸೆಯುವುದು) ಕಲಿಯಲು ಸಾಲುಗಟ್ಟಿ ನಿಂತಿರುವಾಗ, ಪೆನಾಲ್ಟಿ ಕಾರ್ನರ್‌ನಲ್ಲಿ ಅಂತಿಮ ಗೆರೆಯಿಂದ ಚೆಂಡನ್ನು ವೇಗವಾಗಿ, ಪುಟಿಯದಂತೆ ತಳ್ಳಿಕೊಡುವ ಪುಷರ್ ಆಗಲು ಯಾರೂ ಮುಂದೆ ಬರುವುದಿಲ್ಲ; ಆ ತಳ್ಳುವಿಕೆ ಕೆಟ್ಟರೆ ಜಗತ್ತಿನ ಯಾವ ಫ್ಲಿಕ್ಕರ್‌ಗೂ ಗೋಲು ಸಿಗುವುದಿಲ್ಲ.

ಆದರೂ ಡ್ರ್ಯಾಗ್ ಫ್ಲಿಕ್ ಬಗ್ಗೆ ಹೇಳಲೇಬೇಕು, ಏಕೆಂದರೆ ಇಂದಿನ ಹಾಕಿಯಲ್ಲಿ ಹೆಸರು ಮಾಡುವ ಅತಿ ಚಿಕ್ಕ ದಾರಿ ಅದೇ. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಪ್ರಯತ್ನ ಹಿಟ್ ಆಗಿದ್ದರೆ ಚೆಂಡು ಗೋಲು ಗೆರೆ ದಾಟುವಾಗ 460 ಮಿಲಿಮೀಟರ್, ಅಂದರೆ ಗೋಲಿನ ಹಿಂಬದಿಯ ಹಲಗೆಯ ಎತ್ತರ, ಮೀರುವಂತಿಲ್ಲ. ಫ್ಲಿಕ್‌ಗೆ ಆ ಮಿತಿಯಿಲ್ಲ, ಯಾರಿಗೂ ಅಪಾಯವಾಗದಂತಿದ್ದರೆ ಮೇಲಿನ ಮೂಲೆಗೂ ಎಸೆಯಬಹುದು. ಶಕ್ತಿ ಬರುವುದು ತೋಳಿನಿಂದ ಎಂದು ಹೊಸಬರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಬರುವುದು ಚೆಂಡನ್ನು ದೇಹದ ಹಿಂಭಾಗದಿಂದ ಉದ್ದಕ್ಕೆ ಎಳೆದು ತರುವ ದೂರದಿಂದ, ಎಡಗಾಲು ಚಾಚಿ ಊರಿದ ಬಳಿಕ ಸೊಂಟ ಮೊದಲು ತಿರುಗಿ, ಅದರ ಹಿಂದೆ ಭುಜ, ಕೊನೆಗೆ ಮಣಿಕಟ್ಟು ತಿರುಗುವ ಅನುಕ್ರಮದಿಂದ. ಮೊದಲ ಕೆಲವು ತಿಂಗಳು ವೇಗದ ಯೋಚನೆ ಬಿಟ್ಟು ಹೆಜ್ಜೆಗಳನ್ನು ಮಾತ್ರ ಅಭ್ಯಾಸ ಮಾಡಿ. ನಿಂತ ಚೆಂಡಿನಿಂದ ಆರಂಭಿಸಿ, ನಂತರ ಸ್ಟಾಪರ್ ನಿಲ್ಲಿಸಿಕೊಟ್ಟ ಚೆಂಡಿಗೆ ಹೋಗಿ, ಎದುರಿಗೆ ಓಡಿ ಬರುವ ರಷರ್ ಅನ್ನು ಕೊನೆಯಲ್ಲಿ ಸೇರಿಸಿ. ಈ ಚಲನೆ ಕೆಳಬೆನ್ನಿನ ಮೇಲೆ ಬಹಳ ಭಾರ ಹಾಕುತ್ತದೆ. ದಿನಕ್ಕೆ ನೂರಾರು ಫ್ಲಿಕ್ ಮಾಡಿದೆನೆಂದು ಹೇಳಿಕೊಳ್ಳುವ ಹದಿನೇಳರ ಹುಡುಗರು ಇಪ್ಪತ್ತಕ್ಕೆ ಬೆನ್ನು ಹಿಡಿದುಕೊಂಡು ಕೂರುವ ಸಾಧ್ಯತೆಯಿದೆ. ಆದ್ದರಿಂದ ದಿನ ಬಿಟ್ಟು ದಿನ, ಚೆನ್ನಾಗಿ ಬೆವರು ಬಂದ ನಂತರ, ಎಣಿಸಿದಷ್ಟು ಮಾತ್ರ ಮಾಡಿ. ನೋವು ಕಂಡ ದಿನ ನಿಲ್ಲಿಸಿಬಿಡಿ.

ಈ ಹಾದಿಯಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರ ಬೆಳವಣಿಗೆ ಅಧ್ಯಯನಕ್ಕೆ ಯೋಗ್ಯ. 2015ರಲ್ಲಿ ಸೀನಿಯರ್ ತಂಡಕ್ಕೆ ಬಂದ ಅವರು ಮರುವರ್ಷ ಇಪ್ಪತ್ತರ ವಯಸ್ಸಿನಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದಾಗ, ಫ್ಲಿಕ್ ಮಾಡಲು ತಂಡದಲ್ಲಿ ವಿ.ಆರ್. ರಘುನಾಥ್ ಮತ್ತು ರೂಪಿಂದರ್ ಪಾಲ್ ಸಿಂಗ್ ಅವರಂಥ ಹಿರಿಯರಿದ್ದರು. ಭಾರತ ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂಗೆ ಸೋತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಜೂನಿಯರ್ ವಿಶ್ವಕಪ್ ಆಡಿದರು, ಲಖನೌದಲ್ಲಿ ನಡೆದ ಫೈನಲ್‌ನಲ್ಲಿ ಬೆಲ್ಜಿಯಂ ತಂಡವನ್ನೇ ಸೋಲಿಸಿ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. ಸೀನಿಯರ್ ಮಟ್ಟವನ್ನು ಕಂಡ ಮೇಲೆ ಮತ್ತೆ ಜೂನಿಯರ್ ತಂಡದಲ್ಲಿ ಆಡುವುದನ್ನು ಹಿಂಬಡ್ತಿಯೆಂದು ತಿಳಿಯುವವರು ಈ ಕ್ರಮವನ್ನು ಗಮನಿಸಬೇಕು: ಅಲ್ಲಿ ಕಾಲಾವಕಾಶ ಹೆಚ್ಚು, ಜವಾಬ್ದಾರಿ ಹೆಚ್ಚು, ಮೇಲೆ ಕಲಿತದ್ದನ್ನು ಪಂದ್ಯದಲ್ಲಿ ಪ್ರಯೋಗಿಸಲು ಅದಕ್ಕಿಂತ ಒಳ್ಳೆಯ ಸ್ಥಳ ಸಿಗಲಾರದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು 6 ಗೋಲು ಹೊಡೆದರು. 2024ರ ಪ್ಯಾರಿಸ್‌ನಲ್ಲಿ ನಾಯಕರಾಗಿ 10 ಗೋಲು ಹೊಡೆದು ಕೂಟದಲ್ಲೇ ಮೊದಲಿಗರಾದರು, ಕಂಚಿನ ಪಂದ್ಯದಲ್ಲಿ ಸ್ಪೇನ್ ವಿರುದ್ಧದ ಎರಡೂ ಗೋಲುಗಳು ಅವರವೇ. ಇಷ್ಟೆಲ್ಲ ಗೋಲು ಹೊಡೆಯುವ ಅವರ ಸ್ಥಾನ ಮಾತ್ರ ರಕ್ಷಣಾ ವಿಭಾಗದಲ್ಲಿದೆ. ಪೆನಾಲ್ಟಿ ಕಾರ್ನರ್ ಸಿಗದ ದಿನವೂ ತಂಡಕ್ಕೆ ಬೇಕಾಗುವ ಕೆಲಸವೊಂದು ಅವರ ಕೈಯಲ್ಲಿ ಮೊದಲಿನಿಂದ ಇತ್ತು.

ಗೋಲು ಬರದ ದಿನಗಳು

ಅಸ್ತ್ರವಿದ್ದವರಿಗೂ ಆರೇಳು ಪಂದ್ಯ ಗೋಲಿಲ್ಲದೆ ಹೋಗುವುದುಂಟು. ಆಗ ಎಣಿಕೆಯನ್ನು ಬದಲಿಸಿ. ಗೋಲುಗಳನ್ನು ಎಣಿಸುವುದರ ಬದಲು, ಸರ್ಕಲ್ಲಿನೊಳಗೆ ಚೆಂಡು ಎಷ್ಟು ಸಲ ಸಿಕ್ಕಿತು, ಅದರಲ್ಲಿ ಎಷ್ಟು ಸಲ ಗೋಲಿನತ್ತ ಹೊಡೆತ ಹೋಯಿತು ಎಂಬುದನ್ನು ಬರೆಯಿರಿ. ಮೊದಲ ಸಂಖ್ಯೆ ಇಳಿದಿದ್ದರೆ ದೋಷ ನಿಮ್ಮ ಓಟದ ದಾರಿಗಳಲ್ಲಿದೆ, ಹೊಡೆತದ ಅಭ್ಯಾಸದಿಂದ ಅದು ಸರಿಹೋಗುವುದಿಲ್ಲ. ಮೊದಲ ಸಂಖ್ಯೆ ಹಾಗೆಯೇ ಇದ್ದು ಎರಡನೆಯದು ಮಾತ್ರ ಇಳಿದಿದ್ದರೆ, ಬಹುಶಃ ಒಂದು ಸ್ಪರ್ಶ ಹೆಚ್ಚು ತೆಗೆದುಕೊಳ್ಳುತ್ತಿದ್ದೀರಿ. ಎರಡೂ ಸರಿಯಿದ್ದು ಗೋಲು ಮಾತ್ರ ಬರುತ್ತಿಲ್ಲವಾದರೆ ಏನನ್ನೂ ಬದಲಿಸಬೇಡಿ. ಕಷ್ಟವೆಂದರೆ ಈ ಮೂರನೆಯದೇ, ಏಕೆಂದರೆ ಅಂಥ ಹೊತ್ತಿನಲ್ಲಿ ಸಲಹೆ ಕೊಡುವವರ ಸಂಖ್ಯೆ ಹೆಚ್ಚಿರುತ್ತದೆ.

ಎರಡನೆಯ ಋತುವಿನ ತೊಡಕು

ಮೊದಲ ವರ್ಷ ದಾಟಿ ಹೆಸರು ಬಂದ ಮೇಲೆ ಹೊಸ ಸಮಸ್ಯೆ ಎದುರಾಗುತ್ತದೆ. ಈಗ ಎದುರಾಳಿಗಳ ಬಳಿ ನಿಮ್ಮ ಆಟದ ವೀಡಿಯೊ ಇರುತ್ತದೆ. ನೀವು ಬಲಕ್ಕೆ ಹುಸಿ ತೋರಿಸಿ ಎಡಕ್ಕೆ ಹೋಗುತ್ತೀರಿ ಎಂಬುದು ಅವರಿಗೆ ಗೊತ್ತು, ನಿಮ್ಮ ಫ್ಲಿಕ್ ಹೆಚ್ಚಾಗಿ ಗೋಲ್‌ಕೀಪರ್‌ನ ಯಾವ ಬದಿಗೆ ಹೋಗುತ್ತದೆ ಎಂಬುದೂ ಗೊತ್ತು. ಇದಕ್ಕೆ ಉತ್ತರವಾಗಿ ಹೊಸ ಡಾಡ್ಜ್‌ಗಳ ರಾಶಿ ಬೇಡ. ಇರುವ ಅಸ್ತ್ರಕ್ಕೆ ಒಂದೇ ಒಂದು ಜೋಡಿಯನ್ನು ಸೇರಿಸಿ. ಎಡಕ್ಕೆ ಹೋಗುವ ಅದೇ ಆರಂಭದಿಂದ, ಅದೇ ಭುಜದ ಚಲನೆಯಿಂದ, ಬಲಕ್ಕೂ ಹೋಗಲು ಕಲಿತರೆ ಸಾಕು. ಎದುರಾಳಿ ಕೊನೆಯವರೆಗೆ ಕಾಯಬೇಕಾಗುತ್ತದೆ, ಅವನು ಕಾಯುವ ಆ ಕ್ಷಣ ನಿಮ್ಮ ಪಾಲಿನ ಕಾಲಾವಕಾಶ. ಪೆನಾಲ್ಟಿ ಕಾರ್ನರ್‌ನಲ್ಲಿಯೂ ಹೀಗೆಯೇ: ಓಟದ ಆರಂಭ ಒಂದೇ ಇದ್ದು, ಫ್ಲಿಕ್ ಮಾಡುವಂತೆ ಬಾಗಿ ಪಕ್ಕದವರಿಗೆ ಚೆಂಡು ಸರಿಸುವ ಒಂದು ಪರ್ಯಾಯ ನಿಮ್ಮಲ್ಲಿದೆ ಎಂದು ತಿಳಿದ ಕೂಡಲೇ ರಷರ್‌ನ ಮೊದಲ ಹೆಜ್ಜೆ ನಿಧಾನವಾಗುತ್ತದೆ.

ಇದಕ್ಕೂ ಮುಂದಿನ ಹಂತದಲ್ಲಿ ನಿಮ್ಮನ್ನು ಕಾಯಲು ಒಬ್ಬರಲ್ಲ, ಇಬ್ಬರು ಬರುತ್ತಾರೆ. ಆಗ ಚೆಂಡಿಗಾಗಿ ಆ ಇಬ್ಬರ ನಡುವೆ ಗುದ್ದಾಡುವುದು ಹೊಸಬರ ಕಾಲದ ಅಭ್ಯಾಸ. ಸರ್ಕಲ್ಲಿನ ಮೇಲ್ಭಾಗದಿಂದ ನಿಧಾನವಾಗಿ ಅಂಚುಗೆರೆಯತ್ತ ಹೊರಡಿ, ಪಾಸ್ ಬೇಕೆಂಬಂತೆ ಸ್ಟಿಕ್ ಚಾಚಿ, ಇಬ್ಬರನ್ನೂ ಹಿಂದೆ ಕರೆದೊಯ್ಯಿರಿ. ಅವರು ಬಿಟ್ಟುಬಂದ ಜಾಗಕ್ಕೆ ನಿಮ್ಮ ಸೆಂಟರ್ ಹಾಫ್ (ಮಧ್ಯಭಾಗದ ಆಟಗಾರ) ಓಡಿ ಬರುತ್ತಿರುತ್ತಾರೆ, ಚೆಂಡು ಅಲ್ಲಿಗೆ ಹೋಗಲಿ. ಪಂದ್ಯದ ವರದಿಯಲ್ಲಿ ಆ ಗೋಲಿನ ಜೊತೆ ನಿಮ್ಮ ಹೆಸರು ಇರುವುದಿಲ್ಲ. ಮರುದಿನ ವೀಡಿಯೊ ನೋಡುವಾಗ, ಎದುರಾಳಿ ತಂಡದ ತರಬೇತುದಾರರು ಚಿತ್ರವನ್ನು ನಿಲ್ಲಿಸಿ ಬೆರಳಿಟ್ಟು ತೋರಿಸುವುದು ಅಂಚುಗೆರೆಯ ಬಳಿ ಚೆಂಡಿಲ್ಲದೆ ನಿಂತಿದ್ದ ನಿಮ್ಮನ್ನು.